ಹದಿನೈದು ಗೆದ್ದಾಗ ಸಿಗದ ಕಪ್, ಹತ್ತು ಸೋತಾಗ ಸಿಕ್ಕಿತು

ವಾಲಿ ಬುವೊನೊ ಹೆಸರು ಕೇಳಿದವರು ಕೈ ಎತ್ತಿ ಅಂದರೆ ಈ ಸಭೆಯಲ್ಲಿ ನಾಲ್ಕೈದು ಕೈ ಮಾತ್ರ ಮೇಲೆ ಬಂದವು. ಕ್ಯಾಲ್ಗರಿಗೆ ಬಂದು ಇಪ್ಪತ್ತು ವರ್ಷ ಆದವರೂ ಸುಮ್ಮನೆ ಕೂತಿದ್ದೀರಿ. ತಪ್ಪೇನೂ ಇಲ್ಲ. ನಮ್ಮ ಮನೆಗಳಲ್ಲಿ ಮೊದಲು ಕ್ರಿಕೆಟ್, ಆಮೇಲೆ ಮಕ್ಕಳ ದೆಸೆಯಿಂದ ಐಸ್ ಹಾಕಿ. ಮೆಕ್‌ಮಹನ್ ಸ್ಟೇಡಿಯಂ ನಮಗೆ ಪಂದ್ಯದ ದಿನ ಕ್ರೋಚೈಲ್ಡ್ ಟ್ರೇಲ್‌ನಲ್ಲಿ ಟ್ರಾಫಿಕ್ ಜಾಮ್ ಮಾಡುವ ಒಂದು ಜಾಗ, ಅಷ್ಟೇ. ಆ ಮೈದಾನದ ಅಂಚಿನಲ್ಲಿ ಕ್ಯಾಲ್ಗರಿಯ ಫುಟ್‌ಬಾಲ್ ತಂಡದ ಮುಖ್ಯ ಕೋಚ್ ಆಗಿ ಹದಿಮೂರು ವರ್ಷ ನಿಂತು ದುಡಿದ ಈ ಬುವೊನೊ ವಿಚಾರ ಇವತ್ತು ಹೇಳುತ್ತೇನೆ.

ಮೊದಲು ಲೆಕ್ಕ ಮುಗಿಸಿಬಿಡೋಣ. ಕೆನಡಿಯನ್ ಫುಟ್‌ಬಾಲ್ ಲೀಗ್‌ನಲ್ಲಿ ಒಂದು ತಂಡ ವರ್ಷಕ್ಕೆ 18 ಲೀಗ್ ಪಂದ್ಯ ಆಡುತ್ತದೆ. ಬುವೊನೊ ಮುಖ್ಯ ಕೋಚ್ ಆಗಿ 25 ಸೀಸನ್ ಮುಗಿಸಿದರು. ಹದಿನೆಂಟು ಇಪ್ಪತ್ತೈದಲಿ 450. ಅದರಲ್ಲಿ 282 ಗೆಲುವು, 165 ಸೋಲು, 3 ಟೈ. ಆ ಲೀಗ್‌ನಲ್ಲಿ ಬೇರೆ ಯಾವ ಕೋಚೂ ಇಷ್ಟು ಗೆದ್ದಿಲ್ಲ. ಲೀಗ್‌ನ ಫೈನಲ್ ಗೆದ್ದವರಿಗೆ ಸಿಗುವ ಗ್ರೇ ಕಪ್ ಐದು. ಐದು ಗೆದ್ದ ಕೋಚ್‌ಗಳು ಇನ್ನೂ ಮೂವರಿದ್ದಾರೆ: ಫ್ರಾಂಕ್ ಕ್ಲೇರ್, ಹ್ಯೂ ಕ್ಯಾಂಪ್‌ಬೆಲ್, ಡಾನ್ ಮ್ಯಾಥ್ಯೂಸ್.

ಇಷ್ಟೇ ಆಗಿದ್ದರೆ ನಿಮ್ಮ ಭಾನುವಾರ ಹಾಳುಮಾಡುತ್ತಿರಲಿಲ್ಲ. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ. 1993, 94, 95, ಈ ಮೂರು ವರ್ಷ ಅವರ ತಂಡ ಹದಿನೆಂಟರಲ್ಲಿ ಹದಿನೈದು ಹದಿನೈದು ಪಂದ್ಯ ಗೆದ್ದಿತು. ಕಪ್ ಒಂದೂ ಬರಲಿಲ್ಲ. 2001ರಲ್ಲಿ ಎಂಟು ಗೆದ್ದು ಹತ್ತು ಸೋತಿತು. ಕಪ್ ಬಂತು. 2011ರಲ್ಲಿ ಅವರು ಬೇರೆ ಊರಿನ ತಂಡದ ಕೋಚ್, ಆ ತಂಡ ಮೊದಲ ಐದು ಪಂದ್ಯ ಸಾಲಾಗಿ ಸೋತಿತು. ಮತ್ತೆ ಕಪ್! ಕೋಚ್ ಅದೇ ಮನುಷ್ಯ. ಹಣೆಬರಹ ಅಂದುಬಿಡಬಹುದು. ನನಗೆ ಆ ಉತ್ತರ ಅರ್ಧ ಮಾತ್ರ ಒಪ್ಪಿಗೆ. ಉಳಿದರ್ಧ ಏನು ಅಂತ ನೋಡೋಣ.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಇದು ಅಮೆರಿಕದ ಫುಟ್‌ಬಾಲ್‌ನ ಒಡಹುಟ್ಟು. ಅಣ್ಣ ನಾವು ಅಂತ ಕೆನಡಾದವರು, ನಾವು ಅಂತ ಅಮೆರಿಕದವರು. ಕೆನಡಾದವರ ಮಾತಿನಲ್ಲೂ ಹುರುಳಿದೆ. 1874ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಹುಡುಗರು ಹಾರ್ವರ್ಡ್‌ಗೆ ಹೋಗಿ ಆಡಿದ ಪಂದ್ಯಗಳಿಂದಲೇ ಅಮೆರಿಕದವರಿಗೆ ಚೆಂಡು ಹಿಡಿದು ಓಡುವ ಆಟದ ರುಚಿ ಹತ್ತಿದ್ದು. ವ್ಯತ್ಯಾಸ ಏನಪ್ಪಾ ಅಂದರೆ, ಅಲ್ಲಿ ಹನ್ನೊಂದು ಜನ, ಇಲ್ಲಿ ಹನ್ನೆರಡು. ಅಲ್ಲಿ 100 ಗಜದ ಮೈದಾನ, ಬುವೊನೊ ಕಾಲದಲ್ಲಿ ಇಲ್ಲಿ 110 ಗಜ, ಅಗಲವೂ ಹೆಚ್ಚು. ಎಲ್ಲಕ್ಕಿಂತ ಮುಖ್ಯ, ಹತ್ತು ಗಜ ಮುಂದೆ ಸಾಗಲು ಅಲ್ಲಿ ನಾಲ್ಕು ಅವಕಾಶ, ಇಲ್ಲಿ ಮೂರೇ. ಮೂರನೆಯದರಲ್ಲಿ ಸಾಮಾನ್ಯವಾಗಿ ಚೆಂಡನ್ನು ದೂರ ಒದ್ದು ಎದುರಾಳಿಗೆ ಒಪ್ಪಿಸಿಬಿಡುತ್ತಾರೆ. ಹಾಗಾಗಿ ನಿಜವಾಗಿ ಕೈಯಲ್ಲಿರುವುದು ಎರಡೇ ಅವಕಾಶ. ಎರಡರಲ್ಲಿ ಹತ್ತು ಗಜ ಬೇಕೆಂದರೆ ಗುದ್ದಾಡಿಕೊಂಡು ಓಡಿದರೆ ಸಾಲದು, ಚೆಂಡನ್ನು ಎಸೆಯಬೇಕು. ಎಸೆಯುವವನು ಕ್ವಾರ್ಟರ್‌ಬ್ಯಾಕ್. ಈ ದೇಶದಲ್ಲಿ ಕೋಚ್ ಆಗಿ ಬದುಕಬೇಕಾದರೆ ಮೊದಲು ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಬೇಕು. ಈ ಮಾತು ನೆನಪಿರಲಿ, ಮುಂದೆ ಬರುತ್ತದೆ.

ಇನ್ನು ಕೋಚ್ ಕೆಲಸ. ನಮಗೆ ಕೋಚ್ ಅಂದರೆ ನೆಟ್ಸ್‌ನಲ್ಲಿ ಪಾಠ ಹೇಳಿ, ಪಂದ್ಯದ ದಿನ ಪೆವಿಲಿಯನ್‌ನಲ್ಲಿ ಕೂತು ಉಗುರು ಕಚ್ಚುವವರು. ಫೀಲ್ಡಿಂಗ್ ಹೊಂದಿಸುವುದು, ಬೌಲರ್ ಬದಲಿಸುವುದು ಕ್ಯಾಪ್ಟನ್ ಕೆಲಸ. ಇಲ್ಲಿ ಹಾಗಲ್ಲ. ಬುವೊನೊ ಕಾಲದಲ್ಲಿ ಒಂದು ಚೆಂಡು ಸತ್ತ ಮೇಲೆ ಮುಂದಿನದಕ್ಕೆ ರೆಫರಿ ಸೀಟಿ ಊದಿದರೆ 20 ಸೆಕೆಂಡು ಇರುತ್ತಿತ್ತು. ಅಷ್ಟರಲ್ಲಿ ಯಾವ ಆಟ ಆಡಬೇಕು ಎಂಬ ತೀರ್ಮಾನ ಕೋಚ್‌ಗಳ ಕಡೆಯಿಂದ ಒಳಗೆ ಹೋಗಬೇಕಿತ್ತು. ಮೂರನೆಯ ಅವಕಾಶದಲ್ಲಿ ಒದೆಯುವುದೋ, ಸಾಹಸ ಮಾಡುವುದೋ, ಅದರ ಹೊಣೆ ಮುಖ್ಯ ಕೋಚ್ ತಲೆಯ ಮೇಲೆ.

ಕೆನಡಾದಲ್ಲಿ ಇದರ ಮೇಲೆ ಇನ್ನೊಂದು ತಲೆನೋವಿದೆ. ತಂಡದಲ್ಲಿ ಅಮೆರಿಕದವರೂ ಇರುತ್ತಾರೆ, ಕೆನಡಾದವರೂ ಇರುತ್ತಾರೆ. ಆಕ್ರಮಣಕ್ಕೆ ಹನ್ನೆರಡು, ರಕ್ಷಣೆಗೆ ಹನ್ನೆರಡು, ಒಟ್ಟು ಇಪ್ಪತ್ತನಾಲ್ಕು ಜನ ಪಂದ್ಯ ಶುರುಮಾಡುತ್ತಾರಲ್ಲ, ಅದರಲ್ಲಿ ಬುವೊನೊ ಕಾಲದ ಬಹುಭಾಗ ಕನಿಷ್ಠ ಏಳು ಜನ ಕೆನಡಾದವರೇ ಇರಬೇಕಿತ್ತು. ಅಮೆರಿಕದ ಕಾಲೇಜುಗಳಿಂದ ಪ್ರತಿ ವರ್ಷ ಸಾವಿರಾರು ಹುಡುಗರು ಹೊರಬರುತ್ತಾರೆ, ಆರಿಸಿಕೊಳ್ಳುವುದು ಕಷ್ಟವಲ್ಲ. ಆ ಏಳು ಜನ ಕೆನಡಾದವರು ಯಾರು, ಯಾವ ಜಾಗಕ್ಕೆ ಯಾರು ಹೊಂದುತ್ತಾರೆ, ಒಬ್ಬನ ಮಂಡಿ ಹೋದರೆ ಬದಲಿಗೆ ಬರುವವನೂ ಕೆನಡಾದವನೇ ಆಗಿರಬೇಕಲ್ಲ, ಅವನೆಲ್ಲಿ? ತಂಡ ಗೆಲ್ಲುವುದೂ ಸೋಲುವುದೂ ಬಹಳ ಸಲ ಇಲ್ಲಿಯೇ. ಜೊತೆಗೆ ಸಂಬಳದ ಮಿತಿ. 2007ರಲ್ಲಿ ಅದನ್ನು ಬಿಗಿ ಮಾಡಿದಾಗ ಇಡೀ ತಂಡದ ಆಟಗಾರರ ಸಂಬಳಕ್ಕೆ ಇಟ್ಟ ಮಿತಿ 40.5 ಲಕ್ಷ ಡಾಲರ್. ಅಮೆರಿಕದ ಎನ್‌ಎಫ್‌ಎಲ್‌ನಲ್ಲಿ ಒಬ್ಬ ಒಳ್ಳೆಯ ಆಟಗಾರನಿಗೇ ಅದಕ್ಕಿಂತ ಹೆಚ್ಚು ಕೊಡುತ್ತಿದ್ದರು. ಅಂದಮೇಲೆ ನೀವು ತಯಾರು ಮಾಡಿದ ಆಟಗಾರ ಚೆನ್ನಾಗಿ ಆಡಿದನೋ, ನಿಮ್ಮ ಕೈಬಿಟ್ಟು ಹೋಗುತ್ತಾನೆ ಅಂತಲೇ ಲೆಕ್ಕ. ಬುವೊನೊ ಬಹುಕಾಲ ಕೋಚೂ ಆಗಿದ್ದರು, ಜನರಲ್ ಮ್ಯಾನೇಜರೂ ಆಗಿದ್ದರು. ಆಟ ಕಲಿಸುವ ಬಾಯಲ್ಲೇ ಹುಡುಗನಿಗೆ 'ನಿನ್ನ ಸಂಬಳ ಕಡಿಮೆ ಮಾಡಬೇಕಾಗಿದೆ ಕಣಪ್ಪ' ಅಂತಲೂ ಹೇಳಬೇಕು. ಹೇಗಿರುತ್ತದೆ ಊಹಿಸಿಕೊಳ್ಳಿ.

ಈ ಮನುಷ್ಯ ಬಂದದ್ದು ಎಲ್ಲಿಂದ? ಹುಟ್ಟಿದ್ದು 1950ರಲ್ಲಿ, ಇಟಲಿಯ ದಕ್ಷಿಣದ ಪೊಟೆಂಜಾ ಎಂಬ ಊರಲ್ಲಿ. ಇಟ್ಟ ಹೆಸರು ಪಾಸ್ಕ್ವಾಲೆ. ಚಿಕ್ಕಂದಿನಲ್ಲೇ ಮನೆಯವರು ಮಾಂಟ್ರಿಯಲ್‌ಗೆ ಬಂದರು. ತಂದೆ ಬೇಗ ತೀರಿಕೊಂಡರು. ಒಬ್ಬಂಟಿ ತಾಯಿಗೆ ಮಕ್ಕಳನ್ನು ಸಂಭಾಳಿಸಲಾಗದೆ ವಾಲಿಯೂ ಅವರ ಅಣ್ಣತಮ್ಮನೂ ಶಾಬ್ರಿಜ್ ಬಾಯ್ಸ್ ಫಾರ್ಮ್ ಎಂಬ ಹುಡುಗರ ವಸತಿಶಾಲೆಯಲ್ಲಿ ಕೆಲಕಾಲ ಕಳೆಯಬೇಕಾಯಿತು. ಮುಂದೆ ಫುಟ್‌ಬಾಲ್ ಕೈಹಿಡಿಯಿತು. ಅಮೆರಿಕದ ಐಡಹೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದಿ, ಆಡಿ, 1972ರಲ್ಲಿ ತಮ್ಮೂರಿನ ಮಾಂಟ್ರಿಯಲ್ ಅಲುವೆಟ್ಸ್ ತಂಡ ಸೇರಿದರು. ರಕ್ಷಣೆಯಲ್ಲಿ ಮುಂಚೂಣಿಯ ಹಿಂದೆ ನಿಲ್ಲುವ ಲೈನ್‌ಬ್ಯಾಕರ್, ಜೊತೆಗೆ ಚೆಂಡು ಒದೆಯುವ ಪಂಟರ್ ಕೂಡ. ಇಂಥ ಎರಡು ಕೆಲಸದ ಆಟಗಾರನನ್ನು ಯಾವ ಕೋಚೂ ಬಿಡುವುದಿಲ್ಲ. 1981ರವರೆಗೆ ಆಡಿದರು.

ಅಲ್ಲಿ ಅವರ ಕೋಚ್ ಮಾರ್ವ್ ಲೀವಿ. ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಸಹಿಸಿಕೊಳ್ಳಿ. ಲೀವಿ ಮಾಂಟ್ರಿಯಲ್‌ನಲ್ಲಿ 1974 ಮತ್ತು 77ರ ಗ್ರೇ ಕಪ್ ಗೆದ್ದು ಅಮೆರಿಕಕ್ಕೆ ಹೋದರು. ಬಫಲೋ ಬಿಲ್ಸ್ ತಂಡವನ್ನು ಸಾಲಾಗಿ ನಾಲ್ಕು ವರ್ಷ ಸೂಪರ್ ಬೌಲ್‌ಗೆ, ಅಂದರೆ ಅಲ್ಲಿಯ ಫೈನಲ್‌ಗೆ, ಕರೆದುಕೊಂಡು ಹೋದರು, ನಾಲ್ಕೂ ಸೋತರು. ಅವರಿಗಿಂತ ಮುಂಚೆ ಬಡ್ ಗ್ರಾಂಟ್ ಎಂಬುವರು ವಿನಿಪೆಗ್‌ನಲ್ಲಿ ನಾಲ್ಕು ಗ್ರೇ ಕಪ್ ಗೆದ್ದು ಮಿನೆಸೋಟಾಗೆ ಹೋದರು. ಅವರೂ ನಾಲ್ಕು ಸೂಪರ್ ಬೌಲ್ ಆಡಿದರು, ನಾಲ್ಕೂ ಸೋತರು. ಕೆನಡಾದ ಕೋಚ್‌ಗಳಿಗೆ ಅಮೆರಿಕದಲ್ಲಿ ಅಂಟಿದ ಶಾಪ ಅಂತ ತಮಾಷೆ ಮಾಡುವವರಿದ್ದಾರೆ. ಅಷ್ಟು ಸಲ ಫೈನಲ್ ಮುಟ್ಟುವವರು ಎಷ್ಟು ಜನ ಇದ್ದಾರೆ ಅಂತ ನಾನು ತಿರುಗಿ ಕೇಳುತ್ತೇನೆ.

ಮತ್ತೆ ದಾರಿಗೆ ಬರೋಣ. 1977ರ ಫೈನಲ್ ಮಾಂಟ್ರಿಯಲ್‌ನ ಒಲಿಂಪಿಕ್ ಸ್ಟೇಡಿಯಂನಲ್ಲಿ. ಆಗ ಅದಕ್ಕೆ ಚಾವಣಿ ಇರಲಿಲ್ಲ. ಹಿಮ ಬಿದ್ದಿತ್ತು, ಕರಗಿಸಲು ಉಪ್ಪು ಹಾಕಿದ್ದರು, ಕರಗಿದ ನೀರು ಚಳಿಗೆ ಮತ್ತೆ ಹೆಪ್ಪುಗಟ್ಟಿ ಮೈದಾನವೆಲ್ಲ ಗಾಜಾಗಿತ್ತು. ಊರಲ್ಲಿ ಬಸ್ಸು, ಮೆಟ್ರೋ ಮುಷ್ಕರ. ಆದರೂ 68,318 ಜನ ಬಂದರು. ಮಾಂಟ್ರಿಯಲ್ ತಂಡದ ಟೋನಿ ಪ್ರೌಡ್‌ಫುಟ್ ಎಂಬ ಆಟಗಾರನಿಗೆ ಒಂದು ಉಪಾಯ ಹೊಳೆಯಿತು. ಸ್ಟೇಪಲ್ ಗನ್ ತಂದು ಶೂಗಳ ಅಡಿಗೆ ಪಿನ್ನು ಹೊಡೆದರು. ಒಬ್ಬರನ್ನು ನೋಡಿ ಒಬ್ಬರು ಹೊಡೆಸಿಕೊಂಡರು. ಎಡ್ಮಂಟನ್‌ನವರು ಜಾರುತ್ತಿದ್ದರು, ಮಾಂಟ್ರಿಯಲ್‌ನವರು ಓಡುತ್ತಿದ್ದರು. 41-6. ಆ ಗೆದ್ದ ತಂಡದಲ್ಲಿ ಬುವೊನೊ ಇದ್ದರು. ಅವರು ಒಳ್ಳೆಯ ತಂಡ, ಕೆಟ್ಟ ತಂಡ ಎಂಬ ಮಾತಿಗೆ ಸುಲಭವಾಗಿ ಮರುಳಾಗದೇ ಇದ್ದದ್ದಕ್ಕೆ ಇಂಥ ಅನುಭವವೂ ಒಂದು ಕಾರಣ ಇರಬಹುದು ಅಂತ ನನ್ನ ಊಹೆ. ಯಾಕೆಂದರೆ ಅಂದು ಸೋತ ಎಡ್ಮಂಟನ್ ಸಾಧಾರಣ ತಂಡವಲ್ಲ. ಮುಂದಿನ ವರ್ಷದಿಂದ ಸಾಲಾಗಿ ಐದು ಗ್ರೇ ಕಪ್ ಗೆದ್ದ ತಂಡ ಅದು.

ಆಟ ಬಿಟ್ಟ ಮೇಲೆ ಮಾಂಟ್ರಿಯಲ್‌ನಲ್ಲೇ ಸಹಾಯಕ ಕೋಚ್. 1987ರಲ್ಲಿ ಕ್ಯಾಲ್ಗರಿಗೆ ಬಂದರು. ಅದೇ ವರ್ಷ ಸೀಸನ್ ಶುರುವಾಗುವ ಹೊತ್ತಿಗೆ ಮಾಂಟ್ರಿಯಲ್ ತಂಡವೇ ಬಾಗಿಲು ಮುಚ್ಚಿತು. ಕ್ಯಾಲ್ಗರಿಯ ಸ್ಥಿತಿಯೂ ಅಷ್ಟಕ್ಕಷ್ಟೇ. ಹಿಂದಿನ ವರ್ಷವಷ್ಟೇ ತಂಡ ಉಳಿಸಿ ಅಂತ ಊರ ಜನರ ಮುಂದೆ ಕೈ ಒಡ್ಡಿ ಸೀಸನ್ ಟಿಕೆಟ್ ಮಾರಿದ್ದರು. 1971ರ ನಂತರ ಇಲ್ಲಿಗೆ ಕಪ್ ಬಂದಿರಲಿಲ್ಲ.

1990ರಲ್ಲಿ ಇವರನ್ನು ಮುಖ್ಯ ಕೋಚ್ ಮಾಡಿದಾಗ ತಂಡದ ಜನರಲ್ ಮ್ಯಾನೇಜರ್ ಆಗಿದ್ದವರು ನಾರ್ಮಿ ಕ್ವಾಂಗ್. ಈ ಹೆಸರು ನಮ್ಮಂಥವರು ತಿಳಿದಿರಬೇಕು. ಇದೇ ಕ್ಯಾಲ್ಗರಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಚೀನೀ ದಂಪತಿಯ ಮಗ. 1948ರಲ್ಲಿ ಇಲ್ಲಿಯ ತಂಡಕ್ಕೆ ಮೊದಲ ಗ್ರೇ ಕಪ್ ಬಂದಾಗ ಆಡಿದ್ದ ಹುಡುಗ, ಈ ಆಟದಲ್ಲಿ ವೃತ್ತಿಪರನಾದ ಮೊದಲ ಚೀನೀ ಕೆನಡಿಯನ್, ಕೊನೆಗೆ ಆಲ್ಬರ್ಟಾದ ಲೆಫ್ಟಿನೆಂಟ್ ಗವರ್ನರ್ ಕೂಡ ಆದರು. ದಿನಸಿ ಅಂಗಡಿಯವರ ಮಗ ಇಟಲಿಯಿಂದ ಬಂದ ಹುಡುಗನಿಗೆ ಕೆಲಸ ಕೊಟ್ಟ. ನಲವತ್ತು ದಾಟಿದ ಬುವೊನೊ 1991ರಲ್ಲೇ ತಂಡವನ್ನು ಫೈನಲ್‌ಗೆ ಒಯ್ದರು. ಟೊರಾಂಟೊ ಎದುರು ಸೋಲು. ಅದು ವಿನಿಪೆಗ್‌ನ ಕೊರೆಯುವ ಚಳಿಯಲ್ಲಿ ನಡೆದ ಪಂದ್ಯ. ರಾಕೆಟ್ ಇಸ್ಮಾಯಿಲ್ ಎಂಬ ಟೊರಾಂಟೊ ಆಟಗಾರ ಚೆಂಡು ಹಿಡಿದು 87 ಗಜ ಓಡಿ ಸ್ಕೋರ್ ಮಾಡುವಾಗ ಪ್ರೇಕ್ಷಕರಲ್ಲೊಬ್ಬ ಬಿಯರ್ ಕ್ಯಾನ್ ಎಸೆದ. ತಾಗಲಿಲ್ಲ. ಬೇಕಿದ್ದರೆ ವಿಡಿಯೊ ಹುಡುಕಿ ನೋಡಿ.

1992ರಲ್ಲಿ ಡಗ್ ಫ್ಲೂಟಿ ಬಂದರು. ಐದಡಿ ಹತ್ತಿಂಚಿನ ಮನುಷ್ಯ. ಅಮೆರಿಕದಲ್ಲಿ ಕುಳ್ಳ ಅಂತ ಪಕ್ಕಕ್ಕಿಟ್ಟಿದ್ದರು. ಇಲ್ಲಿಯ ಅಗಲ ಮೈದಾನದಲ್ಲಿ ಓಡುತ್ತಾ ಎಸೆಯುವ ಅವರ ಆಟಕ್ಕೆ ರೆಕ್ಕೆ ಬಂತು. ಕೆನಡಾದಲ್ಲಿ ಎಂಟು ವರ್ಷ ಆಡಿ ಆರು ಸಲ ವರ್ಷದ ಶ್ರೇಷ್ಠ ಆಟಗಾರ ಆದರು. ಆ ವರ್ಷವೇ ಫೈನಲ್‌ನಲ್ಲಿ ವಿನಿಪೆಗ್ ಮೇಲೆ 24-10. ಇಪ್ಪತ್ತೊಂದು ವರ್ಷದ ನಂತರ ಕ್ಯಾಲ್ಗರಿಗೆ ಕಪ್.

ಆಮೇಲೆ ಬಂದವು ಆ ಮೂರು ಹದಿನೈದುಗಳು. 1993ರ ಫೈನಲ್ ನಮ್ಮ ಮೆಕ್‌ಮಹನ್‌ನಲ್ಲೇ ನಿಗದಿಯಾಗಿತ್ತು. ಅದಕ್ಕೆ ಮುಂಚಿನ ಪಂದ್ಯವೂ ಇಲ್ಲೇ, ಎದುರಾಳಿ ಎಡ್ಮಂಟನ್. ಹಿಮ, ಚಳಿ. ಚೆಂಡು ಹಿಡಿಯಲು ಫ್ಲೂಟಿಯ ಬೆರಳು ಕೇಳಲಿಲ್ಲ. ಕ್ಯಾಲ್ಗರಿ ಸೋತಿತು, ಮುಂದಿನ ವಾರ ಎಡ್ಮಂಟನ್‌ನವರು ಕ್ಯಾಲ್ಗರಿಯಲ್ಲೇ ಕಪ್ ಎತ್ತಿದರು. ಈ ಎರಡು ಊರುಗಳ ಜಗಳ ಗೊತ್ತಿರುವವರಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ ಅಂತ ಬಿಡಿಸಿ ಹೇಳಬೇಕಿಲ್ಲ.

1994 ಇನ್ನೂ ಘೋರ. ಮತ್ತೆ ಮೆಕ್‌ಮಹನ್, ಮತ್ತೆ ಹಿಮ, ಎದುರಿಗೆ ಬಿ.ಸಿ. ಲಯನ್ಸ್. ಕೊನೆಯ ಘಳಿಗೆಯಲ್ಲಿ ಕ್ಯಾಲ್ಗರಿ ಮುಂದಿದೆ. ಒಂದು ಫೀಲ್ಡ್ ಗೋಲ್, ಅಂದರೆ ಚೆಂಡನ್ನು ಕಂಬಗಳ ನಡುವೆ ಒದ್ದರೆ ಪಂದ್ಯ ಮುಗಿಯಿತು. ಒದೆಯುವವನು ಮಾರ್ಕ್ ಮೆಕ್‌ಲಾಫ್ಲಿನ್, ಗುರಿ ತಪ್ಪದ ಕಾಲು. ರೇ ಅಲೆಗ್ಸಾಂಡರ್ ಎಂಬ ಲಯನ್ಸ್ ಆಟಗಾರ ಜಿಗಿದು ಚೆಂಡನ್ನು ತಡೆದುಬಿಟ್ಟ. ಲಯನ್ಸ್‌ನ ಮುಖ್ಯ ಕ್ವಾರ್ಟರ್‌ಬ್ಯಾಕ್ ಗಾಯಗೊಂಡಿದ್ದ. ಬದಲಿಯಾಗಿ ಬಂದಿದ್ದ ಡ್ಯಾನಿ ಮ್ಯಾಕ್‌ಮೇನಸ್ ತಂಡವನ್ನು ಮೈದಾನದುದ್ದ ಎಳೆದುಕೊಂಡು ಬಂದು, ಕೊನೆಯ ಆಟದಲ್ಲಿ ಚೆಂಡು ಎಸೆದ. ಹಿಡಿದವನು ಯಾರು? ಡ್ಯಾರೆನ್ ಫ್ಲೂಟಿ. ಡಗ್ ಫ್ಲೂಟಿಯ ಖಾಸಾ ತಮ್ಮ! 37-36. ಅಣ್ಣ ಈ ಕಡೆ ನಿಂತು ನೋಡುತ್ತಿದ್ದ.

ಇದರಲ್ಲಿ ಕೋಚ್ ಮಾಡಿದ ತಪ್ಪು ಏನು ಹೇಳಿ? ನಾನು ಎಷ್ಟು ಯೋಚಿಸಿದರೂ ಕಾಣುವುದಿಲ್ಲ. ಒಬ್ಬನ ಅಂಗೈ ಚೆಂಡಿಗೆ ತಾಗಿತು, ಅಷ್ಟೇ. ಆದರೆ ಊರಿನಲ್ಲಿ ಹಾಗೆ ಯಾರು ಹೇಳುತ್ತಾರೆ? ಲೀಗ್ ಎಲ್ಲ ಗೆಲ್ಲುತ್ತಾರೆ, ದೊಡ್ಡ ಪಂದ್ಯ ಬಂದರೆ ಕೈ ನಡುಗುತ್ತದೆ ಎಂಬ ಹಣೆಪಟ್ಟಿ ಬಿತ್ತು.

1995ರದ್ದು ಮಾತ್ರ ಬೇರೆ ಥರ. ಅದರಲ್ಲಿ ಕೋಚ್ ತೀರ್ಮಾನ ಇತ್ತು. ಸೀಸನ್ ನಡುವೆ ಫ್ಲೂಟಿ ಮೊಣಕೈಗೆ ಗಾಯವಾಗಿ ಶಸ್ತ್ರಚಿಕಿತ್ಸೆ ಆಯಿತು. ಬದಲಿಗೆ ಬಂದವನು ಜೆಫ್ ಗಾರ್ಸಿಯಾ, ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಸ್ಟೇಟ್‌ನಿಂದ ಬಂದ, ಎನ್‌ಎಫ್‌ಎಲ್ ತಂಡಗಳು ಮೂಸಿಯೂ ನೋಡದ ಹುಡುಗ. ಅವನು ತಂಡವನ್ನು ಗೆಲ್ಲಿಸುತ್ತಾ ಹೋದ. ಫ್ಲೂಟಿ ವಾಪಸ್ ಬಂದಾಗ ಬುವೊನೊ ಜಾಗವನ್ನು ಫ್ಲೂಟಿಗೇ ಕೊಟ್ಟರು. ರಿಜೈನಾದ ಭೀಕರ ಗಾಳಿಯಲ್ಲಿ ನಡೆದ ಫೈನಲ್‌ನಲ್ಲಿ ಬಾಲ್ಟಿಮೋರ್ ಗೆದ್ದಿತು. ಹೌದು, ಅಮೆರಿಕದ ಬಾಲ್ಟಿಮೋರ್. ಆ ಕಾಲದಲ್ಲಿ ಲೀಗ್‌ನವರು ಅಮೆರಿಕದ ಊರುಗಳಿಗೂ ತಂಡ ಕೊಟ್ಟು ಕೈಸುಟ್ಟುಕೊಂಡಿದ್ದರು. ಗ್ರೇ ಕಪ್ ಗೆದ್ದ ಏಕೈಕ ಅಮೆರಿಕನ್ ತಂಡ ಅದೇ. ಅದರ ಕೋಚ್ ಡಾನ್ ಮ್ಯಾಥ್ಯೂಸ್.

ಗಾರ್ಸಿಯಾ ಆಡಿದ್ದರೆ? ಯಾರಿಗೆ ಗೊತ್ತು. ಈ ತೀರ್ಮಾನ ಪಕ್ಕಕ್ಕಿಟ್ಟುಕೊಳ್ಳಿ. ಒಂಬತ್ತು ವರ್ಷ ಆದ ಮೇಲೆ ಇವರು ಅದನ್ನೇ ಇನ್ನೊಮ್ಮೆ ಮಾಡುತ್ತಾರೆ.

ಅಷ್ಟರಲ್ಲಿ ತಂಡದ ಮಾಲೀಕರ ಹಣಕಾಸು ಕುಸಿಯಿತು. ಫ್ಲೂಟಿ 1996ಕ್ಕೆ ಟೊರಾಂಟೊ ಸೇರಿದರು. ಬೇರೆ ತಂಡವಾಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಬುವೊನೊ ಹತ್ತಿರ ಗಾರ್ಸಿಯಾ ತಯಾರಿದ್ದ. ಗಾರ್ಸಿಯಾ ಹಿಂದೆ ಡೇವ್ ಡಿಕೆನ್ಸನ್ ತಯಾರಾಗುತ್ತಿದ್ದ. ಡಿಕೆನ್ಸನ್ ಹಿಂದೆ ಹೆನ್ರಿ ಬರಿಸ್. ಒಂದು ಹಂತದಲ್ಲಿ ಈ ಮೂವರೂ ಒಂದೇ ತಂಡದಲ್ಲಿ, ಒಂದೇ ಮೈದಾನದಲ್ಲಿ ಅಭ್ಯಾಸ ಮಾಡುತ್ತಿದ್ದರು. 1998ರ ಫೈನಲ್‌ನಲ್ಲಿ ಹ್ಯಾಮಿಲ್ಟನ್ ಎದುರು ಒಂದು ಅಂಕ ಹಿಂದಿದ್ದಾಗ ಗಾರ್ಸಿಯಾ ಚೆಂಡನ್ನು ಮುಂದೆ ತಂದ. ಕೊನೆಯ ಕ್ಷಣದಲ್ಲಿ 35 ಗಜದಿಂದ ಒದ್ದು 26-24 ಮಾಡಿದವನು ಅದೇ ಮೆಕ್‌ಲಾಫ್ಲಿನ್. ಮರುವರ್ಷ ಗಾರ್ಸಿಯಾ ಸ್ಯಾನ್ ಫ್ರಾನ್ಸಿಸ್ಕೋಗೆ ಹಾರಿಹೋದ. 2000ದಲ್ಲಿ ಡಿಕೆನ್ಸನ್ ಲೀಗ್‌ನ ಶ್ರೇಷ್ಠ ಆಟಗಾರ, 2001ಕ್ಕೆ ಅವನೂ ಎನ್‌ಎಫ್‌ಎಲ್‌ಗೆ.

ಹೀಗೆ ಎಲ್ಲರೂ ಹೋದ ಮೇಲೆ ಉಳಿದದ್ದು 2001ರ ಎಂಟು-ಹತ್ತರ ತಂಡ. ಕ್ವಾರ್ಟರ್‌ಬ್ಯಾಕ್ ಮಾರ್ಕಸ್ ಕ್ರ್ಯಾಂಡೆಲ್. ಫುಟ್‌ಬಾಲ್ ನೋಡುವವರಿಗೂ ಇವತ್ತು ಆ ಹೆಸರು ಥಟ್ಟನೆ ನೆನಪಾಗುವುದಿಲ್ಲ. ಹೇಗೋ ಪ್ಲೇಆಫ್‌ಗೆ ಬಂದರು, ಎಡ್ಮಂಟನ್‌ಗೆ ಹೋಗಿ ಎಡ್ಮಂಟನ್‌ನವರನ್ನು ಸೋಲಿಸಿದರು. ಫೈನಲ್‌ನಲ್ಲಿ ಎದುರಿಗೆ 14 ಪಂದ್ಯ ಗೆದ್ದ ವಿನಿಪೆಗ್. 27-19, ಕ್ಯಾಲ್ಗರಿ ಗೆದ್ದಿತು. ಪಂದ್ಯ ನಡೆದದ್ದು ಬುವೊನೊ ಶೂಗೆ ಪಿನ್ನು ಹೊಡೆದವರ ಜೊತೆ ಆಡಿದ್ದ ಅದೇ ಒಲಿಂಪಿಕ್ ಸ್ಟೇಡಿಯಂನಲ್ಲಿ, ಈ ಸಲ ಚಾವಣಿಯ ಕೆಳಗೆ.

ನಾನು ಹೇಳಿದ ಉಳಿದರ್ಧ ಇಲ್ಲಿದೆ. ನಾಕೌಟ್ ಒಂದು ದಿನದ ವ್ಯಾಪಾರ. ಅಲ್ಲಿ ಗಾಳಿ, ಹಿಮ, ಒಬ್ಬನ ಅಂಗೈ, ಎಲ್ಲದಕ್ಕೂ ಪಾಲಿದೆ. ಕೋಚ್ ಕೈಯಲ್ಲಿರುವುದು ತಂಡವನ್ನು ಪ್ರತಿ ವರ್ಷ ಆ ಬಾಗಿಲವರೆಗೆ ಮುಟ್ಟಿಸುವುದು. ಬುವೊನೊ ತಂಡಗಳು ಇಪ್ಪತ್ತೈದು ವರ್ಷದಲ್ಲಿ ಪ್ಲೇಆಫ್ ತಪ್ಪಿಸಿಕೊಂಡದ್ದು ಎರಡೇ ಸಲ, 2002 ಮತ್ತು 2017. ಒಂಬತ್ತು ಸಲ ಫೈನಲ್ ಆಡಿದರು, ಐದು ಗೆದ್ದರು, ನಾಲ್ಕು ಸೋತರು. ಅಂದರೆ ಫೈನಲ್‌ನಲ್ಲಿ ಅವರ ಫಲಿತಾಂಶ ಹೆಚ್ಚು ಕಡಿಮೆ ನಾಣ್ಯ ಚಿಮ್ಮಿದ ಹಾಗೆ. ಆದರೆ ನಾಣ್ಯ ಚಿಮ್ಮುವ ಹಕ್ಕು ಒಂಬತ್ತು ಸಲ ಸಂಪಾದಿಸಿದರು.

2002ರಲ್ಲಿ ಆರು ಗೆಲುವು, ಹನ್ನೆರಡು ಸೋಲು. ಆಗ ತಂಡಕ್ಕೆ ಹೊಸ ಮಾಲೀಕರು, ಮಾಲೀಕರ ಮಗನೂ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್. ಮಾಲೀಕರಿಗೂ ಬುವೊನೊಗೂ ಸರಿಹೋಗಲಿಲ್ಲ ಎಂಬುದು ಆಗಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು. 2003ರ ಶುರುವಿನಲ್ಲಿ ಬುವೊನೊ ವ್ಯಾಂಕೂವರ್‌ನ ಬಿ.ಸಿ. ಲಯನ್ಸ್ ಸೇರಿದರು. ಅವರಿಲ್ಲದ ಕ್ಯಾಲ್ಗರಿ ಆ ವರ್ಷ ಐದು ಪಂದ್ಯ ಗೆದ್ದಿತು, ಮರುವರ್ಷ ನಾಲ್ಕು. ಕೋಚ್ ಬೆಲೆ ಎಷ್ಟು ಅಂತ ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ನನ್ನ ಹತ್ತಿರ ಇಲ್ಲ.

ವ್ಯಾಂಕೂವರ್‌ನಲ್ಲಿ ಆಗ ಡೇಮನ್ ಆಲೆನ್ ಎಂಬ ಹಳೆಯ ಕ್ವಾರ್ಟರ್‌ಬ್ಯಾಕ್ ಇದ್ದರು, ನಲವತ್ತರ ಹತ್ತಿರ ವಯಸ್ಸು. ಬುವೊನೊ ಅಮೆರಿಕದಿಂದ ಡಿಕೆನ್ಸನ್‌ನನ್ನು ವಾಪಸ್ ಕರೆಸಿ, ಆಲೆನ್‌ರನ್ನು ಟೊರಾಂಟೊಗೆ ಕಳಿಸಿಕೊಟ್ಟರು. 2004ರಲ್ಲಿ ಡಿಕೆನ್ಸನ್‌ಗೆ ಗಾಯ. ಬದಲಿ ಹುಡುಗ ಕೇಸಿ ಪ್ರಿಂಟರ್ಸ್ ಹೇಗೆ ಆಡಿದ ಅಂದರೆ ಲೀಗ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿಯೇ ಅವನಿಗೆ ಬಂತು. ಆದರೆ ಫೈನಲ್‌ಗೆ ಬುವೊನೊ ಇಳಿಸಿದ್ದು ಡಿಕೆನ್ಸನ್‌ನನ್ನು! 1995ರ ಅದೇ ಲೆಕ್ಕಾಚಾರ. ಟೊರಾಂಟೊ 27-19 ಗೆದ್ದಿತು. ಪಂದ್ಯಶ್ರೇಷ್ಠ ಯಾರು? 41 ವರ್ಷದ ಡೇಮನ್ ಆಲೆನ್. ಬೇಡ ಅಂತ ಕಳಿಸಿದವನೇ ಬಂದು ಹೊಡೆದ.

ಪತ್ರಕರ್ತರು ಬಿಟ್ಟಾರೆಯೇ? ವರ್ಷಗಟ್ಟಲೆ ಇದೇ ಚರ್ಚೆ. ನನ್ನ ಅಭಿಪ್ರಾಯ ಹೇಳಲಾ? ಫಲಿತಾಂಶ ನೋಡಿದರೆ ಎರಡು ಸಲವೂ ಅವರ ಆಯ್ಕೆ ಕೈಕೊಟ್ಟಿತು. ಆದರೆ ಗಾಯವಾದದ್ದಕ್ಕೆ ಜಾಗ ಹೋಗುವುದಿಲ್ಲ ಎಂಬ ಭರವಸೆ ತಂಡದ ಐವತ್ತು ಹುಡುಗರಿಗೂ ಸಿಕ್ಕಿತು. ಮೂಳೆ ಮುರಿಯುವ ಆಟದಲ್ಲಿ ಅದು ಸಣ್ಣ ಮಾತಲ್ಲ. ಪ್ರಿಂಟರ್ಸ್ 2006ಕ್ಕೆ ಅಮೆರಿಕಕ್ಕೆ ಹೋದ. ಅದೇ ವರ್ಷ ಡಿಕೆನ್ಸನ್ ಫೈನಲ್‌ನ ಪಂದ್ಯಶ್ರೇಷ್ಠ, ಲಯನ್ಸ್‌ಗೆ ಕಪ್. ಸಂಭ್ರಮದ ಗದ್ದಲದಲ್ಲಿ 1909ರಿಂದ ಬಂದ ಆ ಬೆಳ್ಳಿಯ ಬಟ್ಟಲು ಪೀಠದಿಂದ ಕಿತ್ತುಬಂದು ಎರಡು ತುಂಡಾಯಿತು. ಆಮೇಲೆ ಬೆಸೆದರು ಅನ್ನಿ.

2009ರಲ್ಲಿ ಡಾನ್ ಮ್ಯಾಥ್ಯೂಸ್ ಅವರ 231 ಗೆಲುವಿನ ದಾಖಲೆ ಮುರಿದರು. ಅದನ್ನು ಇಲ್ಲಿಗೇ ಬಿಟ್ಟು 2011ಕ್ಕೆ ಬರುತ್ತೇನೆ, ನನಗೆ ಅತ್ಯಂತ ಇಷ್ಟವಾದ ವರ್ಷ ಅದು. ಮೊದಲ ಐದು ಸೋಲು. ಏಳು ಪಂದ್ಯ ಮುಗಿದಾಗ ಗೆದ್ದದ್ದು ಒಂದು. ಕೋಚ್‌ಗೆ ವಯಸ್ಸಾಯಿತು, ಮನೆಗೆ ಹೋಗಲಿ ಅಂತ ಎಲ್ಲೆಲ್ಲೂ ಕೂಗು. ಬುವೊನೊ ಕ್ವಾರ್ಟರ್‌ಬ್ಯಾಕ್ ಟ್ರ್ಯಾವಿಸ್ ಲೂಲೇಯನ್ನು ಬದಲಿಸಲಿಲ್ಲ. ಹ್ಯಾಮಿಲ್ಟನ್‌ನಿಂದ ಆರ್ಲಂಡ್ ಬ್ರೂಸ್ ಎಂಬ ಅನುಭವಿ ರಿಸೀವರ್‌ನನ್ನು, ಅಂದರೆ ಎಸೆದ ಚೆಂಡು ಹಿಡಿಯುವವನನ್ನು, ತಂದರು. ಇನ್ನೊಂದು ಕೆಲಸ ಮಾಡಿದರು, ಅದನ್ನು ಬಹಳ ಜನ ಗಮನಿಸುವುದಿಲ್ಲ. ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಜಾಗಕ್ಕೆ ಈ ಲೀಗ್‌ನಲ್ಲಿ ಸಾಮಾನ್ಯವಾಗಿ ಅಮೆರಿಕದವರನ್ನೇ ಹಾಕುತ್ತಾರೆ. ಇವರು ಆಂಡ್ರೂ ಹ್ಯಾರಿಸ್ ಎಂಬ ವಿನಿಪೆಗ್ ಹುಡುಗನನ್ನು ಅಲ್ಲಿ ಇಳಿಸಿದರು. ವಿಶ್ವವಿದ್ಯಾಲಯದ ತಂಡದಿಂದ ಬಂದವನೂ ಅಲ್ಲ, ಜೂನಿಯರ್ ಫುಟ್‌ಬಾಲ್‌ನಿಂದ ಬಂದವನು. ಆ ಜಾಗದಲ್ಲಿ ಒಬ್ಬ ಕೆನಡಾದವನು ನಿಂತರೆ ಬೇರೆ ಎಲ್ಲೋ ಒಬ್ಬ ಅಮೆರಿಕದವನಿಗೆ ಜಾಗ ತೆರವಾಗುತ್ತದೆ. ಏಳು ಜನರ ಲೆಕ್ಕ ಅಂದೆನಲ್ಲ, ಅದು ಇದು.

ಉಳಿದ ಹನ್ನೊಂದರಲ್ಲಿ ಹತ್ತು ಗೆದ್ದರು. ಸೆಪ್ಟೆಂಬರ್ ಕೊನೆಗೆ ಹೊಸ ಚಾವಣಿ ಹಾಕಿದ ಬಿ.ಸಿ. ಪ್ಲೇಸ್ ಸ್ಟೇಡಿಯಂ ಮತ್ತೆ ತೆರೆಯಿತು; ನವೆಂಬರ್ 27ರಂದು ಅಲ್ಲಿಯೇ ಫೈನಲ್. ವಿನಿಪೆಗ್ ಮೇಲೆ 34-23. ಲೂಲೇ ಪಂದ್ಯಶ್ರೇಷ್ಠ, ಕೆನಡಾದ ಆಟಗಾರರಲ್ಲಿ ಶ್ರೇಷ್ಠ ಆಂಡ್ರೂ ಹ್ಯಾರಿಸ್, ಅದೂ ತನ್ನ ಊರಿನ ತಂಡದ ವಿರುದ್ಧ. ಮೊದಲ ಐದೂ ಸೋತು ಕಪ್ ಗೆದ್ದ ತಂಡ ಲೀಗ್‌ನ ಚರಿತ್ರೆಯಲ್ಲಿ ಅದುವರೆಗೆ ಇರಲಿಲ್ಲ. ಕೆಲವೇ ದಿನಗಳಲ್ಲಿ ಬುವೊನೊ ಕೋಚ್ ಕೆಲಸ ಬಿಟ್ಟು ಜನರಲ್ ಮ್ಯಾನೇಜರ್ ಆಗಿ ಮಾತ್ರ ಮುಂದುವರಿದರು.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು ಅನ್ನುವವರು ಇದ್ದಾರೆ. ಆಮೇಲಿನ ಕೋಚ್‌ಗಳು ಊರ್ಜಿತವಾಗದೆ 2016ರಲ್ಲಿ ಅರವತ್ತಾರನೆಯ ವಯಸ್ಸಿಗೆ ಮತ್ತೆ ಹೆಡ್‌ಸೆಟ್ ಹಾಕಿಕೊಂಡರು. ಮೊದಲ ವರ್ಷ ಹನ್ನೆರಡು ಗೆಲುವು, ಎರಡನೆಯ ವರ್ಷ ಏಳು, ಮೂರನೆಯ ವರ್ಷ ಒಂಬತ್ತು. 2018ರ ನವೆಂಬರ್‌ನಲ್ಲಿ ಹ್ಯಾಮಿಲ್ಟನ್‌ನಲ್ಲಿ ನಡೆದ ಅವರ ಕೊನೆಯ ಪಂದ್ಯ 48-8ರ ಸೋಲು. ಸಿನಿಮಾ ಮಾಡುವವರು ಹೀಗೆ ಮುಗಿಸುತ್ತಿರಲಿಲ್ಲ. ಎರಡು ವಾರ ಬಿಟ್ಟು ಗ್ರೇ ಕಪ್ ಗೆದ್ದದ್ದು ಕ್ಯಾಲ್ಗರಿ, ಅದರ ಕೋಚ್ ಡೇವ್ ಡಿಕೆನ್ಸನ್. ಡಿಕೆನ್ಸನ್‌ಗಿಂತ ಮುಂಚೆ ಇದೇ ತಂಡಕ್ಕೆ 2008 ಮತ್ತು 2014ರಲ್ಲಿ ಕಪ್ ತಂದ ಕೋಚ್ ಜಾನ್ ಹಫ್‌ನೇಗಲ್ ಕೂಡ ತೊಂಬತ್ತರ ದಶಕದಲ್ಲಿ ಬುವೊನೊ ಕೈಕೆಳಗೆ ಸಹಾಯಕನಾಗಿದ್ದವರೇ.

ಆ 282ನ್ನು ಯಾರಾದರೂ ಮುರಿಯುತ್ತಾರಾ ಅಂತ ಮುಂದಿನ ಸಾಲಿನವರು ಆಗಲೇ ಚೀಟಿ ಕಳಿಸಿದ್ದಾರೆ. ವರ್ಷಕ್ಕೆ ಹನ್ನೆರಡರಂತೆ ಗೆಲ್ಲುತ್ತಾ ಹೋದರೂ ಇಪ್ಪತ್ತಮೂರೂವರೆ ವರ್ಷ ಬೇಕು, ಅದೂ ಮುಟ್ಟುವುದಕ್ಕೆ. 2019ರಿಂದ ಆಟಗಾರರ ಸಂಬಳದ ಹಾಗೆಯೇ ಕೋಚ್‌ಗಳ ಸಂಖ್ಯೆಗೂ ಅವರ ಮೇಲಿನ ಖರ್ಚಿಗೂ ಲೀಗ್ ಮಿತಿ ಹಾಕಿದೆ. ಒಬ್ಬ ಕೋಚ್ ಎರಡು ಊರಲ್ಲಿ ಇಷ್ಟು ವರ್ಷ ಬೇರೂರುವುದು ಈಗ ಹೆಚ್ಚು ಕಷ್ಟ. ನನ್ನ ಜೀವಮಾನದಲ್ಲಿ ಮುರಿಯುವುದಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ. ಇನ್ನೂ ಚೀಟಿಗಳಿದ್ದರೆ ಕೊಡಿ, ಊಟಕ್ಕೆ ಮುಂಚೆ ಎರಡು ಮೂರು ಪ್ರಶ್ನೆ ತೆಗೆದುಕೊಳ್ಳಬಹುದು.